ಸೀಟಿನಡಿಯ ವೈರು

ಸಾಗರದಲ್ಲಿ ನಾನು ಮೋಟಾರು ವೈರಿಂಗ್ ಅಂಗಡಿ ಇಟ್ಟು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಐವತ್ತರ ದಶಕದ ಮೊದಲ ವರ್ಷಗಳು. ಅಂಗಡಿ ಅಂದರೆ ಒಂದು ಕೋಣೆ, ಒಂದು ಬೆಂಚು, ಮತ್ತೆ ನನ್ನ ಕೈಗುಣದ ಬಗ್ಗೆ ನನಗಿದ್ದ ವಿಪರೀತ ನಂಬಿಕೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳು ನಮ್ಮ ಕಡೆಗೂ ಬಂದಿದ್ದವು. ಅಂಥದೊಂದು ಜೀಪನ್ನು ಒಬ್ಬ ಮರದ ಕಂಟ್ರಾಕ್ಟರರು ಇಟ್ಟುಕೊಂಡಿದ್ದರು. ಅದರ ಪೆಟ್ರೋಲ್ ಗೇಜು ಕೆಟ್ಟು ಯಾವ ಕಾಲವಾಗಿತ್ತೋ, ಸರಿಮಾಡಿಕೊಡು ಎಂದು ನನ್ನಲ್ಲಿಗೆ ತಂದರು.

ಅವರ ಡ್ರೈವರು ಹೊಸನಗರದ ಕಡೆಯ ಜೈನರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕತ್ತಲಾಗುವ ಮೊದಲೇ ಊಟ ಮುಗಿಸುವ, ಮಾತು ಕಡಿಮೆಯ ಮನುಷ್ಯ. ಗೇಜು ಇಲ್ಲದ್ದಕ್ಕೆ ಚಾಕುವಿನಿಂದ ಗೆರೆ ಕೊರೆದ ಬಿದಿರ ಕಡ್ಡಿಯೊಂದನ್ನು ಇಟ್ಟುಕೊಂಡಿದ್ದರು. ಆ ಜೀಪಿನಲ್ಲಿ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೆ. ದಿನಾ ಬೆಳಿಗ್ಗೆ ಸೀಟೆತ್ತಿ, ಕಡ್ಡಿ ಅದ್ದಿ, ಎಲ್ಲಿಯತನಕ ಒದ್ದೆಯಾಗಿದೆ ಎಂದು ಆ ಕಂಟ್ರಾಕ್ಟರ್ ಸಾಹುಕಾರರಿಗೆ ತೋರಿಸಿದ ಮೇಲೇ ಗಾಡಿ ಹೊರಡಿಸುತ್ತಿದ್ದರು. ಪೆಟ್ರೋಲ್ ಕದಿಯುತ್ತಾರೆ ಅನ್ನುವ ಮಾತು ಆಗಿನ ಡ್ರೈವರುಗಳ ಬೆನ್ನು ಬಿಡುತ್ತಿರಲಿಲ್ಲ. ಆ ಮಾತು ತನ್ನ ಮೇಲೆ ಬರಬಾರದು ಎಂದೇ ಅವರು ಹಾಗೆ ತೋರಿಸುತ್ತಿದ್ದರು ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಹಳೇ ವೈರನ್ನು ಇಲಿ ತಿಂದಿತ್ತು. ಹೊಸದನ್ನು ಚಾಸಿಯ ಅಂಚಿನಗುಂಟ ತಂದು, ಅಲ್ಲಲ್ಲಿ ಕ್ಲಿಪ್ಪು ಹಾಕಿ, ತಗಡು ದಾಟುವ ತೂತಿಗೆ ರಬ್ಬರ್ ಬಳೆ ಕೂರಿಸಿ ಟ್ಯಾಂಕಿಗೆ ಮುಟ್ಟಿಸಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ರಬ್ಬರ್ ಬಳೆ ಶಿವಮೊಗ್ಗದಿಂದ ಬರಬೇಕು, ಸಾಹುಕಾರರು ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಸೀಟಿನಡಿಯ ತೂತಿನಲ್ಲಿ ವೈರನ್ನು ನೇರ ತೂರಿಸಿ, ಎರಡು ಸುತ್ತು ಟೇಪು ಸುತ್ತಿ ಕೈ ತೊಳೆದುಕೊಂಡೆ. ಗೇಜಿನ ಮುಳ್ಳು ಎದ್ದು ನಿಂತಿತು. ಸಾಹುಕಾರರು ನಾಲ್ಕು ಜನರ ಮುಂದೆ ಬೆನ್ನು ತಟ್ಟಿದರು. ನಾನು ಉಬ್ಬಿಹೋಗಿ, ಇನ್ನು ಆ ಕಡ್ಡಿಯನ್ನು ಒಲೆಗೆ ಹಾಕಿ ಎಂದು ಡ್ರೈವರಿಗೆ ಹೇಳಿದೆ. ಎಲ್ಲರೂ ನಕ್ಕರು, ಅವರೂ ಸ್ವಲ್ಪ ನಕ್ಕರು. ಮರುದಿನದಿಂದ ಕಡ್ಡಿ ಅದ್ದುವುದು ನಿಂತಿತು.

ಎರಡು ತಿಂಗಳಾಗಿರಬೇಕು. ಒಂದು ದಿನ ಸಾಹುಕಾರರು ತಾವೇ ಜೀಪು ಓಡಿಸಿಕೊಂಡು ಕಾರ್ಗಲ್‌ಗೆ ಹೋಗಿ ಬಂದರು. ಮರುದಿನ ಬೆಳಿಗ್ಗೆ ಡ್ರೈವರ ಜೊತೆ ತೀರ್ಥಹಳ್ಳಿಗೆ ಹೊರಟಾಗ ಮುಳ್ಳು ಫುಲ್ ತೋರಿಸುತ್ತಿತ್ತು. ಸಾಹುಕಾರರು ಹಾಕಿಸಿದ್ದಾರೆ ಎಂದು ಡ್ರೈವರು ತಿಳಿದರು, ಡ್ರೈವರು ಹಾಕಿಸಿದ್ದಾನೆ ಎಂದು ಸಾಹುಕಾರರು ತಿಳಿದರು. ದಾರಿಯಲ್ಲಿ ಹೊಸನಗರದ ನೆಂಟರ ಮನೆಯಲ್ಲಿ ಸಾಹುಕಾರರ ಊಟ ಆಗುವತನಕ ಡ್ರೈವರು ಜೀಪಿನ ಹತ್ತಿರವೇ ಇದ್ದರು. ಅಲ್ಲಿಂದ ಮುಂದೆ ಕೆಲವೇ ಮೈಲಿಗೆ ಗಾಡಿ ನಿಂತಿತು. ಡ್ರೈವರು ಇಳಿದು ಬಾನೆಟ್ಟು ಎತ್ತಿದರು. ಸಾಹುಕಾರರು ಕೂತಲ್ಲಿಂದಲೇ ಗೇಜು ನೋಡಿದರೆ ಮುಳ್ಳು ತಳದಲ್ಲಿ ಬಿದ್ದಿದೆ. ಬೆಳಿಗ್ಗೆ ತುಂಬಿದ್ದ ಟ್ಯಾಂಕು ಮಧ್ಯಾಹ್ನಕ್ಕೆ ಬರಿದು. ಹೊಸನಗರದಲ್ಲಿ ತೆಗೆದು ಮಾರಿದ್ದೀಯ ಎಂದುಬಿಟ್ಟರು. ಡ್ರೈವರು ಡಬ್ಬ ಹಿಡಿದು ಹೊಸನಗರಕ್ಕೆ ನಡೆದು, ಪೆಟ್ರೋಲ್ ತಂದು ಹಾಕುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ದಿನ ಅವರಿಗೆ ಊಟವಿಲ್ಲ.

ಮೂರನೇ ದಿನ ಡ್ರೈವರು ಜೀಪು ತೆಗೆದುಕೊಂಡು ನನ್ನ ಅಂಗಡಿಗೆ ಬಂದರು. ನಡೆದದ್ದನ್ನೆಲ್ಲ ಹೇಳಿದರು, ಕಡೆಗೆ ಕೇಳಿದರು.

"ಒಂದ್ಸಲ ವೈರ್ ನೋಡಿ ಮೇಸ್ತ್ರಿ. ತಪ್ಪು ಅದರದ್ದೇ ಆಗಿದ್ರೆ ಸಾಹುಕಾರ್ರಿಗೆ ಒಂದು ಮಾತು ಹೇಳಿ. ಕೆಲ್ಸ ಹೋದ್ರೆ ಹೋಗ್ಲಿ, ಕಳ್ಳ ಅನ್ಸ್ಕೊಂಡು ಮನೆಗೆ ಹೋಗಕ್ಕಾಗಲ್ಲ ನಂಗೆ."

ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬನ್ನಿ ಎಂದು ಅವರನ್ನು ಕಳಿಸಿ ಸ್ವಿಚ್ಚು ಹಾಕಿದೆ. ಮುಳ್ಳು ಅರ್ಧಕ್ಕೆ ನಿಂತಿತು. ಸೀಟೆತ್ತಿ ಟ್ಯಾಂಕಿನೊಳಗೆ ಇಣುಕಿದೆ, ಸರಿಯಾಗಿ ಅರ್ಧವೇ ಇತ್ತು. ಬದುಕಿದೆ ಅಂದುಕೊಂಡು, ಗೇಜನ್ನು ಇನ್ನಷ್ಟು ಹತ್ತಿರದಿಂದ ನೋಡೋಣ ಎಂದು ಡ್ರೈವರ್ ಸೀಟಿನ ಮೇಲೆ ಕೂತೆ. ಮುಳ್ಳು ನಿಧಾನಕ್ಕೆ ಮೇಲೇರಿ ಫುಲ್‌ಗೆ ಹೋಗಿ ನಿಂತಿತು. ಇಳಿದೆ, ಅದೂ ಇಳಿಯಿತು. ಮತ್ತೆ ಸೀಟೆತ್ತಿ ತೂತಿನ ಹತ್ತಿರ ನೋಡಿದರೆ ತಗಡಿನ ಅಂಚು ಟೇಪನ್ನೂ ವೈರಿನ ಸಿಪ್ಪೆಯನ್ನೂ ಕೊಯ್ದು ತಾಮ್ರ ಹೊರಗೆ ಬಂದಿತ್ತು. ಸೀಟಿನ ಮೇಲೆ ಭಾರ ಬಿದ್ದಾಗೆಲ್ಲ ಅದು ತಗಡಿಗೆ ತಾಗುತ್ತದೆ, ತಾಗಿದರೆ ಆ ಗೇಜು ಟ್ಯಾಂಕು ತುಂಬಿದೆ ಅನ್ನುತ್ತದೆ. ಡ್ರೈವರು ಕೂತಷ್ಟು ಹೊತ್ತು ಸುಳ್ಳು, ಇಳಿದ ಕೂಡಲೇ ನಿಜ.

ಹೋಟೆಲಿಗೆ ಓಡಿಹೋಗಿ ಅವರ ಕೈ ಹಿಡಿದು ಹೇಳಬೇಕಿತ್ತು. ಆದರೆ ಅದೇ ವಾರ ಇಬ್ಬರು ಬಸ್ಸಿನ ಮಾಲೀಕರು ತಮ್ಮ ಗಾಡಿಗಳ ಕೆಲಸವನ್ನು ನನಗೇ ಕೊಡುವುದಾಗಿ ಹೇಳಿದ್ದರು. ಊರಿಗೆ ಊರೇ ನಗುತ್ತದೆ ಎಂದು ಹೆದರಿದೆ. ಮೂಲೆಯಲ್ಲಿ ಬಿದ್ದಿದ್ದ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ತೂತಿಗೆ ಕೂರಿಸಿದೆ. ಅದು ಮೊದಲ ದಿನವೂ ಅಲ್ಲೇ ಬಿದ್ದಿತ್ತು. ಹೊಸ ಟೇಪು ಸುತ್ತಿದೆ. ಅವರು ಬಂದಾಗ, ವೈರು ಸರಿಯಾಗಿಯೇ ಇದೆ ಎಂದೆ. ಹೌದಾ ಎಂದು ತಲೆಯಾಡಿಸಿ ಜೀಪು ಹತ್ತಿದರು. ಆ ವಾರವೇ ಅವರ ಕೆಲಸ ಹೋಯಿತು.

ನಾಲ್ಕು ವರ್ಷದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿದ್ದೆ. ಹೊಸನಗರದಲ್ಲಿ ಹತ್ತಿದ ಆ ಡ್ರೈವರು ನನ್ನ ಪಕ್ಕದ ಕಿಟಕಿಯ ಜಾಗಕ್ಕೇ ಬಂದು ಕೂತರು. ಬೇರೆ ಯಾರೂ ಗಾಡಿ ಕೊಡಲಿಲ್ಲವಂತೆ, ಅಡಿಕೆ ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದರು. ನನ್ನ ಹೆಂಡತಿ ಮಕ್ಕಳ ಕ್ಷೇಮ ಕೇಳಿದರು. ಆಮೇಲೆ ಹೇಳಿದರು.

"ತುಂಬ ಯೋಚ್ನೆ ಮಾಡ್ದೆ ಮೇಸ್ತ್ರಿ. ವೈರ್ ಸರಿ ಇತ್ತು ಅಂತ ನೀವೇ ನೋಡಿ ಹೇಳಿದ್ರಿ. ಹಂಗಾದ್ರೆ ಅವತ್ತು ನಾನು ಗಾಡೀಲಿ ನಿದ್ದೆ ಮಾಡಿರ್ಬೇಕು, ಯಾರೋ ತೆಗ್ದಿದಾರೆ. ನಿದ್ದೆ ಮಾಡಿದ್ದು ನೆನಪಿಲ್ಲ. ಆದ್ರೂ ಮಾಡಿರ್ಬೇಕು, ಅಲ್ವಾ?"

ನನ್ನ ಮಾತು ನಿಜವಾಗಿ ಉಳಿಯಲಿ ಎಂದು ಅವರು ತಮ್ಮಲ್ಲೇ ಒಂದು ತಪ್ಪು ಹುಡುಕಿಕೊಂಡಿದ್ದರು. ಮೊದಲ ಸುಳ್ಳಿಗೆ ಅಂಗಡಿ ಮುಳುಗೀತೆಂಬ ಭಯವಾದರೂ ಇತ್ತು. ಈಗ ನಾಲ್ಕು ಜನ ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದರು, ನಿಜ ಹೇಳಿದ್ದರೆ ನನ್ನದೇನೂ ಹೋಗುತ್ತಿರಲಿಲ್ಲ.

"ನಿದ್ದೆ ಬಂದಿರಬಹುದು" ಎಂದೆ.

ಅವರಿಗೆ ಸಮಾಧಾನವಾಯಿತು. ಕಿಟಕಿಯ ಹತ್ತಿರದ ಜಾಗ ನನಗೆ ಬಿಟ್ಟುಕೊಟ್ಟರು.