ಹೋಲ್‌ಸ್ಟರಿಗೆ ಆಯುಧ ಪೂಜೆ

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಪಿಸ್ತೂಲು ಇಟ್ಟುಕೊಳ್ಳುತ್ತಿದ್ದ ಹಳೆಯ ಚರ್ಮದ ಹೋಲ್‌ಸ್ಟರುಗಳ ಹುಚ್ಚು ನನಗೆ ಹಿಡಿದದ್ದು ಡಲ್ಲಾಸಿನಲ್ಲಿ ಓದುತ್ತಿದ್ದಾಗ, ಗನ್ ಶೋ ಎನ್ನುವ ಒಂದು ಬಂದೂಕು ಸಂತೆಯಲ್ಲಿ. ಪಿಸ್ತೂಲು ಕಂಡರೆ ನನಗಾಗದು. ಚರ್ಮದ ಮೇಲಿನ ಗುರುತು ಓದುವುದು ಮಾತ್ರ ಬೇಕು. ಬೆನ್ನಿಗೆ ತಯಾರಕರ ಮುದ್ರೆ, ಇಸವಿ, ಸೈನ್ಯದ ತಪಾಸಣೆಯವರು ಒತ್ತಿದ ಪುಟ್ಟ ಹದ್ದು. ಯುದ್ಧ ಮುಗಿದ ಮೇಲೆ ಯಾರೋ ಕಂದು ಚರ್ಮಕ್ಕೆ ಕಪ್ಪು ಬಳಿದಿರುತ್ತಾರೆ, ಬೆಲ್ಟಿನ ಕುಣಿಕೆ ಕತ್ತರಿಸಿ ಬೇರೆ ಹೊಲಿದಿರುತ್ತಾರೆ. ಅದನ್ನೆಲ್ಲ ಪತ್ತೆ ಹಚ್ಚುವುದೇ ಮಜಾ. "ಸತ್ತವರ ಸೊಂಟದ್ದನ್ನ ಮನೆಗೆ ತರ್ತೀರಲ್ಲ, ಥೂ!" ಎನ್ನುತ್ತಿದ್ದಳು ಹೆಂಡತಿ.

ನಾವು ಹ್ಯೂಸ್ಟನ್ ಪಕ್ಕದ ಕೇಟಿಗೆ ಶಿಫ್ಟ್ ಆದ ಮೇಲೆ ಈ ಸುದ್ದಿ ಪಕ್ಕದ ಮನೆಯ ಅಮೆರಿಕನ್ ಮುದುಕರ ಕಿವಿಗೆ ಬಿತ್ತು. ಯುದ್ಧಕ್ಕೆ ಹೋಗಿ ಬಂದವರು. ಒಬ್ಬ ಜರ್ಮನ್ ಅಧಿಕಾರಿಯನ್ನು ಒಬ್ಬನೇ ಹಿಡಿದು ಅವನ ಹೋಲ್‌ಸ್ಟರ್ ಕಿತ್ತುಕೊಂಡೆ ಎಂದು ಬೀದಿಗೆಲ್ಲ ಹೇಳಿಕೊಂಡಿದ್ದರು. ಈಗ ಶ್ವಾಸಕೋಶದ ಕ್ಯಾನ್ಸರ್. ಸಾಯುವ ಮುಂಚೆ ಅದು ಮಾಜಿ ಸೈನಿಕರ ಹಾಲ್‌ನ ಗಾಜಿನ ಪೆಟ್ಟಿಗೆಯೊಳಗೆ, ತಮ್ಮ ಹೆಸರಿನ ಫಲಕದ ಜೊತೆ ಕೂರಬೇಕು ಎನ್ನುವುದೊಂದೇ ಅವರ ಆಸೆ. ಹಾಲ್‌ನವರಿಗೆ ತೋರಿಸುವ ಮೊದಲು ಅಸಲಿಯೋ ನಕಲಿಯೋ ನೋಡು ಎಂದು ನನಗೆ ಕೊಟ್ಟರು.

ಅಸಲಿಯೇ. ಹೊಲಿಗೆ, ಹದ್ದು, ಇಸವಿ ಎಲ್ಲ ಸರಿ. ಮುಚ್ಚಳದ ಒಳಮೈಯಲ್ಲಿ ಮಾತ್ರ ಒಂದಷ್ಟು ಜಾಗವನ್ನು ಯಾರೋ ಚಾಕುವಿನಿಂದ ಹೆರೆದಿದ್ದರು. ಜರ್ಮನ್ನನ ಹೆಸರಿದ್ದಿರಬೇಕು ಅಂದುಕೊಂಡು ಗ್ಯಾರೇಜಿನ ಮೇಜಿನ ಮೇಲಿಟ್ಟು ಆಫೀಸಿಗೆ ಹೋದೆ.

ಅವತ್ತು ಆಯುಧ ಪೂಜೆ. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಕಾರು, ಸ್ಕ್ರೂಡ್ರೈವರು, ಹುಲ್ಲು ಕತ್ತರಿಸುವ ಮಿಷೀನು ಯಾವುದನ್ನೂ ಬಿಟ್ಟಿರಲಿಲ್ಲ. ಸಂಜೆ ಬಂದು ನೋಡುತ್ತೇನೆ, ಹೋಲ್‌ಸ್ಟರು ಕೊಬ್ಬರಿ ಎಣ್ಣೆಯಲ್ಲಿ ಮಿಂದು, ಒಳಗೂ ಹೊರಗೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದೆ!

"ಅಯ್ಯೋ, ಇದನ್ನ ಯಾಕತ್ತೆ ಮುಟ್ಟಿದ್ರಿ?"

"ಆಯುಧದ್ದೇ ಅಲ್ವಾ ಅಳಿಯಂದ್ರೆ? ಒಣಗಿ ಬಿರಿದುಹೋಗಿತ್ತು ಪಾಪ. ಎಣ್ಣೆ ಹಚ್ಚಿ ಪೂಜೆ ಮಾಡ್ದೆ. ತಪ್ಪಾಯ್ತಾ?"

ತಲೆ ಕೆಟ್ಟು ಕೆರ ಹಿಡಿದುಹೋಯಿತು. ಹಳೆಯ ಚರ್ಮಕ್ಕೆ ಎಣ್ಣೆ ಬಿದ್ದರೆ ಬಣ್ಣ ಕಪ್ಪಿಡುತ್ತದೆ, ಹೊಲಿಗೆ ಕೊಳೆಯುತ್ತದೆ. ಹಲ್ಲು ಕಚ್ಚಿಕೊಂಡು ಹಳೇ ಪಂಚೆಯ ತುಂಡಿನಲ್ಲಿ ಒರೆಸತೊಡಗಿದೆ. ಎಲ್ಲ ಕಡೆ ಹೋದ ಕುಂಕುಮ ಹೆರೆದ ಜಾಗದಲ್ಲಿ ಮಾತ್ರ ಹೋಗಲೊಲ್ಲದು. ಹೆರೆದರೂ ಪೂರ್ತಿ ಅಳಿಯದ ಹಳೆಯ ಕೆತ್ತನೆಯ ತಳದಲ್ಲಿ ಕೂತುಬಿಟ್ಟಿತ್ತು. ದೀಪದಡಿ ಹಿಡಿದರೆ ಕೆಂಪಗೆ ಅಕ್ಷರಗಳು. ಒಂದು ಹೆಸರು, ಅದರ ಕೆಳಗೆ 'ಆಸ್ಟಿನ್, ಟೆಕ್ಸಾಸ್'. ಜರ್ಮನ್ನನದಲ್ಲ. ನಮ್ಮ ಮುದುಕರದ್ದೂ ಅಲ್ಲ.

ಮಾರನೆಯ ದಿನ ತೆಗೆದುಕೊಂಡು ಹೋದೆ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತು ಎಣ್ಣೆಯ ವಿಷಯಕ್ಕೆ ಕ್ಷಮೆ ಕೇಳಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಅಕ್ಷರಗಳ ಮೇಲೆ ಬೆರಳಿಟ್ಟು ಆ ಹೆಸರನ್ನು ಮೆಲ್ಲಗೆ ಓದಿದರು.

"ನಮ್ಮ ತುಕಡಿಯವನು," ಎಂದರು. "ಜರ್ಮನ್ನನನ್ನ ಹಿಡಿದವನು ಅವನು. ನಾನಲ್ಲ."

ಏನೋ ಸಮಾಧಾನ ಹೇಳೋಣವೆಂದು ನಾನು ಬಾಯಿ ಹಾಕಿದೆ. "ಅವರು ಸತ್ತ ಮೇಲೆ ನೀವು ತಗೊಂಡ್ರಿ. ಅದರಲ್ಲೇನಿದೆ ಬಿಡಿ."

"ಸತ್ತಿರಲಿಲ್ಲ. ಗುಂಡು ತಗುಲಿ ಬಿದ್ದು ನೀರು ಕೇಳ್ತಿದ್ದ. ನಾನು ಮೊದಲು ಇದನ್ನ ಬಿಚ್ಚಿಕೊಂಡೆ."

ನನಗೆ ಅಸಹ್ಯವಾಯಿತು. ಆ ಕೃಶ ಕತ್ತು ನೋಡಿ ಕರುಳೂ ಚುರುಕ್ಕೆಂದಿತು. ಇಷ್ಟು ವರ್ಷದ ಮೇಲೆ ಹೇಳಿಬಿಟ್ಟರಲ್ಲ, ಇನ್ನು ಫಲಕದ ಆಸೆ ಬಿಟ್ಟಾರು ಎಂದುಕೊಂಡೆ.

ಅವರು ಹೋಲ್‌ಸ್ಟರನ್ನು ನನ್ನ ಮಡಿಲಿಗೆ ತಳ್ಳಿದರು. "ಹಾಲ್‌ನವರು ಮಧ್ಯಾಹ್ನ ಬರ್ತಾರೆ. ಅಡುಗೆಮನೇಲಿ ಚಾಕು ಇದೆ. ಸರಿಯಾಗಿ ಹೆರೆದುಬಿಡು. ನನಗೆ ಕೈಯಲ್ಲಿ ಶಕ್ತಿ ಇಲ್ಲ."

ಆಗುವುದಿಲ್ಲ ಎಂದೆ. ಅದನ್ನು ಅವರ ಪಕ್ಕದಲ್ಲಿಟ್ಟು ಎದ್ದು ಬಂದೆ. ಬಾಗಿಲು ಎಳೆದುಕೊಳ್ಳುವಾಗ ಹಿಂತಿರುಗಿ ನೋಡಿದೆ. ಮುದುಕರು ಸೋಫಾದ ಅಂಚು ಹಿಡಿದು ಏದುಸಿರು ಬಿಡುತ್ತ, ನಳಿಕೆ ಎಳೆದುಕೊಂಡು, ಅಡುಗೆಮನೆಯ ಕಡೆ ನಡೆಯುತ್ತಿದ್ದರು.