ಖಾಲಿ ಫಾರ್ಮಿಗೆ ಸಹಿ ಹಾಕದ ಆಯಿ

ವ್ಯಾನು ಮಾರುತ್ತೇನೆಂದು ಆಯಿ, ನನ್ನ ಅಮ್ಮ, ಹೇಳಿದ್ದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ ದಿನವೇ. ಎಡಗಣ್ಣು ಇನ್ನು ಸುಧಾರಿಸುವುದಿಲ್ಲ ಎಂದಿದ್ದರು ಅವರು. ಗಾಡಿ ಬಿಡಬೇಡಿ ಎಂದು ಯಾರೂ ಹೇಳುವ ಮೊದಲೇ ಅವಳೇ ಕೀಲಿಯನ್ನು ಮೊಳೆಗೆ ನೇತುಹಾಕಿದಳು.

“ನಾನೇ ನಿಲ್ಸಿದ್ದು. ಯಾರೋ ನಿಲ್ಸಿದ್ರು ಅಂತ ಊರಲ್ಲಿ ಹೇಳ್ಬೇಡ” ಎಂದು ನನಗೆ ತಾಕೀತು ಮಾಡಿದಳು.

ಅಪ್ಪ ತೀರಿಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಅವಳು ಲೈಸೆನ್ಸ್ ಮಾಡಿಸಿದ್ದಳು. ನಮ್ಮೂರು ಮಂಕಿಯ ಮನೆಮನೆಗಳಿಂದ ಮಲ್ಲಿಗೆ ದಂಡೆ ಒಟ್ಟುಮಾಡಿ ಹೊನ್ನಾವರ, ಕುಮಟಾದ ಅಂಗಡಿಗಳಿಗೆ ಮುಟ್ಟಿಸುವುದು ಅವಳ ಕೆಲಸ. ಮೊದಮೊದಲು ನಕ್ಕವರೇ ಆಮೇಲೆ ಹೆರಿಗೆಗೆ, ಜ್ವರಕ್ಕೆ, ಮದುವೆಗೆ ಅವಳ ವ್ಯಾನನ್ನು ಕರೆದರು.

ನಾನು ಕುಮಟಾದ ಕಾಲೇಜಿನಲ್ಲಿ ಗ್ರಂಥಪಾಲಕಿ. ಮಾರಾಟದ ಕೆಲಸವನ್ನು ನಾನೇ ವಹಿಸಿಕೊಂಡೆ. ಪರಿಚಯದವರೊಬ್ಬರು ಒಬ್ಬ ದಲ್ಲಾಳಿಯ ನಂಬರು ಕೊಟ್ಟರು. ಅವನು ಒಂದು ಭಾನುವಾರ ಬಂದ. ವ್ಯಾನಿನ ಸುತ್ತ ಒಂದು ಸುತ್ತು ಹಾಕಿ ನನ್ನನ್ನು ಕೇಳಿದ, “ಮನೇಲಿ ಗಂಡಸರು ಯಾರೂ ಇಲ್ವಾ ಮಾತಾಡ್ಲಿಕ್ಕೆ?”

“ಗಾಡಿ ನಂದು. ನನ್ನ ಹತ್ರ ಮಾತಾಡು” ಎಂದಳು ಆಯಿ.

ಒಂದು ರೌಂಡು ಹೊಡೆದು ಬರುತ್ತೇನೆಂದು ಅವನು ಕೀಲಿಗೆ ಕೈಚಾಚಿದ. ಆಯಿ ಕೀಲಿ ಕೊಟ್ಟಳು, ಜೊತೆಗೆ ತಾನೂ ಹತ್ತಿ ಪಕ್ಕದ ಸೀಟಿನಲ್ಲಿ ಕೂತಳು. ನಾನು ಹಿಂದೆ. ಹೆದ್ದಾರಿಗೆ ಬಂದವನು ಹಿಂದಿರುಗದೆ ಸೀದಾ ಹೋಗಿ ತನ್ನ ಗುರುತಿನ ಒಂದು ಗ್ಯಾರೇಜಿನ ಎದುರು ನಿಲ್ಲಿಸಿದ. ನಮ್ಮನ್ನು ಇಳಿಸಿ ಮೆಕ್ಯಾನಿಕ್ ಮುಂದಿನ ಸೀಟು ಎತ್ತಿದ. ಆ ವ್ಯಾನಿಗೆ ಎಂಜಿನ್ ಇರುವುದು ಸೀಟಿನ ಅಡಿಯಲ್ಲೇ. ಎರಡು ನಿಮಿಷ ಒಳಗೆ ಕೈಯಾಡಿಸಿ ಸ್ಟಾರ್ಟ್ ಮಾಡಿದ. ವ್ಯಾನು ಕೆಮ್ಮುತ್ತಾ ಕುಲುಕಾಡತೊಡಗಿತು.

“ಎಂಜಿನ್ ಹೋಗ್ಯದೆ ಅಮ್ಮ. ಗುಜರಿ ರೇಟೇ ಇದಕ್ಕೆ” ಎಂದ ದಲ್ಲಾಳಿ. ಜೇಬಿನಿಂದ ಮಡಚಿದ ಫಾರ್ಮುಗಳನ್ನು ತೆಗೆದ. “ಇಲ್ಲಿ ಸಹಿ ಹಾಕಿ, ಆರ್‌ಸಿ ಕೊಡಿ. ಹೆಸ್ರು ಬದ್ಲಿ ಮಾಡುದೆಲ್ಲ ನಾವೇ ಮಾಡ್ಕಂತೇವೆ.”

ಕೊಳ್ಳುವವರ ಹೆಸರಿನ ಜಾಗ ಖಾಲಿ ಇತ್ತು. ತಾರೀಖೂ ಇರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನಾನು ಚೀಲದಿಂದ ಪೆನ್ನು ತೆಗೆದು ಆಯಿಯ ಮುಂದೆ ಹಿಡಿದೆ. ಹೇಗೋ ಮುಗಿದರೆ ಸಾಕು ಎನ್ನಿಸಿತ್ತು ನನಗೆ.

ಆಯಿ ಪೆನ್ನಿನ ಕಡೆ ನೋಡಲಿಲ್ಲ. ಮೆಕ್ಯಾನಿಕನನ್ನು ಸರಿಸಿ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಸೀಟಿನಡಿ ತಡಕಾಡಿ ಏನನ್ನೋ ಒತ್ತಿದಳು. ಮತ್ತೆ ಸ್ಟಾರ್ಟ್ ಮಾಡಿದಾಗ ವ್ಯಾನು ಬೆಳಿಗ್ಗೆ ಮನೆಯಲ್ಲಿ ಹೇಗಿತ್ತೋ ಹಾಗೇ ಒಂದೇ ಸಮ ಓಡಿತು.

“ಪ್ಲಗ್ಗಿನ ವಾಯರ್ ಕಿತ್ತಿಟ್ಟು ಎಂಜಿನ್ ಹೋತು ಅಂತಿಯಾ? ನಂಗೆ ಕಣ್ಣು ಮಂಜಾಗ್ಯದೆ, ಕಿವಿ ಆಗ್ಲಿಲ್ಲ!”

ಮೆಕ್ಯಾನಿಕ್ ಒಳಗೆ ಹೋದ. ದಲ್ಲಾಳಿ ನಗಲು ನೋಡಿದ. “ಸಿಟ್ಟು ಎಂತಕ್ಕೆ ಅಮ್ಮ? ರೇಟು ಮಾತಾಡುವ.”

“ನಿನ್ನ ಹತ್ರ ಮಾತೇ ಇಲ್ಲ. ಖಾಲಿ ಕಾಗ್ದಕ್ಕೆ ಸಹಿ ಹಾಕಿ ಕೊಟ್ಟು, ನಾಳೆ ಈ ಗಾಡಿ ಯಾರಿಗಾದ್ರೂ ಹೊಡೆದ್ರೆ ಪೊಲೀಸ್ರು ಬರುದು ನನ್ನ ಬಾಗ್ಲಿಗೆ. ಸರಿ ಆ ಬದಿಗೆ.”

ಅಂದು ವ್ಯಾನನ್ನು ಮನೆಗೆ ತಂದವಳು ನಾನು. ಮನೆ ಮುಟ್ಟಿದ ಮೇಲೆ ಆಯಿ ಹೇಳಿದಳು, “ನೀ ಓದ್ದವಳು. ಪೆನ್ನು ಕೊಡುಕೆ ಮುಂಚೆ ಕಾಗ್ದ ಓದ್ಬೇಕಿತ್ತು.”

ಬಂದ ಗಿರಾಕಿಯನ್ನು ಓಡಿಸಿದಳೆಂದು ಅಕ್ಕಪಕ್ಕದವರು ಆಡಿಕೊಂಡರು. ಆಯಿ ಅವರಿಗೆಲ್ಲ ಒಂದೇ ಮಾತು ಹೇಳಿದಳು: “ಅಂಗಳದಲ್ಲೇ ತುಕ್ಕು ಹಿಡೀಲಿ, ಮೋಸಕ್ಕೆ ಕೊಡುದಿಲ್ಲ.”

ತಿಂಗಳ ಮೇಲೆ ಭಟ್ಕಳದಿಂದ ಒಬ್ಬಾಕೆ ಬಂದಳು. ಮನೆಯಲ್ಲೇ ಅಡಿಗೆ ಮಾಡಿ ಕಾರ್ಯಕ್ರಮಗಳಿಗೆ ಕೊಡುವವಳು. ಪಾತ್ರೆ ಸಾಗಿಸಲು ಗಾಡಿ ಬೇಕಿತ್ತು. ಮಲ್ಲಿಗೆ ಮಾರುವವರಿಂದ ಸುದ್ದಿ ತಿಳಿದಿತ್ತಂತೆ. ಆಯಿ ಅವಳಿಗೆ ಬಾಗಿಲಿನ ತುಕ್ಕು ತೋರಿಸಿದಳು, ಮಳೆಗಾಲದಲ್ಲಿ ಸೋರುವ ಮೂಲೆಯನ್ನೂ ತೋರಿಸಿದಳು. ಆಕೆ ಹಿಂಜರಿಯುತ್ತಲೇ ಕೇಳಿದಳು, “ಅಮ್ಮ, ಪೇಪರೆಲ್ಲ ನಿಮ್ಮೆದುರಿಗೇ ಮಾಡುವ, ಆದೀತಾ? ನಂಗೂ ಹೆದ್ರಿಕೆ.”

“ಹಾಂಗೆ ಕೇಳ್ಬೇಕು” ಎಂದಳು ಆಯಿ.

ಮೂವರೂ ಹೊನ್ನಾವರದ ಆರ್‌ಟಿಓ ಕಚೇರಿಗೆ ಹೋದೆವು. ಈ ಸಲ ಪ್ರತಿಯೊಂದು ಸಾಲನ್ನೂ ನಾನು ಗಟ್ಟಿಯಾಗಿ ಓದಿದೆ. ಖಾಲಿ ಜಾಗಗಳೆಲ್ಲ ತುಂಬಿದ ಮೇಲೆಯೇ ಆಯಿ ಸಹಿ ಹಾಕಿದಳು. ಮೊಬೈಲಿಗೆ ಬಂದ ಓಟಿಪಿಯನ್ನು ಪಕ್ಕದಲ್ಲಿದ್ದವರೊಬ್ಬರು ಓದಿಕೊಡುತ್ತೇನೆಂದಾಗ ಫೋನನ್ನು ಎದೆಗೊತ್ತಿಕೊಂಡು ನನ್ನನ್ನು ಕರೆದಳು. ಹಣ ಬ್ಯಾಂಕಿಗೆ ಬಂದದ್ದು ಖಾತ್ರಿಯಾದ ಮೇಲೆ, ಗಾಡಿ ಕೊಟ್ಟದ್ದಕ್ಕೆ ಚೀಟಿ ಬರೆಸಿದಳು. “ಎಷ್ಟು ಗಂಟೆಗೆ ಕೊಟ್ಟೆ, ಅದನ್ನೂ ಬರಿ” ಎಂದಳು.

ಭಟ್ಕಳಕ್ಕೆ ಹೋಗುವ ದಾರಿಯಲ್ಲೇ ಮಂಕಿ. ಆಕೆ ನಮ್ಮನ್ನು ಮನೆಗೆ ಬಿಟ್ಟು ಹೋಗುತ್ತೇನೆಂದಳು. ಶರಾವತಿ ಸೇತುವೆಯ ಮೇಲೆ ಹಿಂದಿನಿಂದ ಲಾರಿಯೊಂದು ಬಿಡದೆ ಹಾರ್ನ್ ಹೊಡೆಯತೊಡಗಿತು. ಹೊಸ ಒಡತಿ ಗಡಿಬಿಡಿಯಲ್ಲಿ ವೇಗ ಹೆಚ್ಚಿಸಲು ನೋಡಿದಳು. ಪಕ್ಕದಲ್ಲಿ ಕೂತಿದ್ದ ಆಯಿ ಮುಂದೆ ನೋಡುತ್ತಲೇ ಹೇಳಿದಳು:

“ನೀ ನಿನ್ನಷ್ಟಕ್ಕೆ ಹೋಗು ಮಗಾ. ಹಾರ್ನ್ ಹೊಡೆದವ್ರಿಗೆಲ್ಲ ಹೆದರ್ಬೇಕು ಅಂತ ಎಲ್ಲೂ ಬರ್ದಿಲ್ಲ.”

ಸೇತುವೆ ಮುಗಿಯುವವರೆಗೂ ಲಾರಿ ಕೂಗುತ್ತಲೇ ಇತ್ತು. ನಾವು ನಮ್ಮ ವೇಗದಲ್ಲೇ ಹೋದೆವು.