ಸರಿ ಉತ್ತರ ಹೇಳಿದ ತಪ್ಪಿಗೆ

ಗೆಳೆಯರೇ, ಇವತ್ತು ಮಧ್ಯಾಹ್ನ ನನ್ನ ಮಗಳು ಸರೋಜ ಬಿಚ್ಚಿದ ಜಡೆ, ಒಡೆದ ಸ್ಲೇಟಿನ ಜೊತೆ ಊಟಕ್ಕೆ ಬಂದಳು. "ಅಪ್ಪಾ, ನಾಳೆಯಿಂದ ನಂಗೇನೂ ಗೊತ್ತಿಲ್ಲ ಕಣಪ್ಪಾ" ಎಂದು ಅತ್ತಳು.

ನಮ್ಮ ಶಿಡ್ಲಘಟ್ಟದ ಶಾಲೆಯಲ್ಲಿ ಒಂದು ಪದ್ಧತಿಯಿದೆ. ಸರಿ ಉತ್ತರ ಹೇಳಿದ ಮಗು, ಹೇಳದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಇನ್ನೊಮ್ಮೆ ಹೊಡೆಯಬೇಕು. ಇವತ್ತು ಮೇಷ್ಟ್ರು, ಹೊಸದಾಗಿ ಬಂದಿರುವ ನಯಾಪೈಸೆ ರೂಪಾಯಿಗೆ ಎಷ್ಟು ಎಂದು ಕೇಳಿದರಂತೆ. ಮನೆಯಲ್ಲಿ ಇನ್ನೂ ಆಣೆ ಎಣಿಸುವ ಹುಡುಗರೆಲ್ಲ ಹದಿನಾರು ಎಂದರು. ಇವಳೊಬ್ಬಳೇ ನೂರು ಎಂದಳು, ಸಾಲಾಗಿ ಎಲ್ಲರಿಗೂ ಹೊಡೆದಳು. ಊಟಕ್ಕೆ ಬಿಟ್ಟ ಮೇಲೆ ಅದೇ ಹುಡುಗರು ಕೆರೆ ಏರಿಯ ಮೇಲೆ ಬಡ್ಡಿ ಸಮೇತ ಹಿಂದಿರುಗಿಸಿದರು.

ಊಟ ಬಿಟ್ಟು, ಕೋಟು ಹಾಕಿಕೊಂಡು ಶಾಲೆಗೆ ಹೋದೆ. ಮೇಷ್ಟ್ರು ನಗುತ್ತಲೇ ಬರಮಾಡಿಕೊಂಡರು.

"ಸ್ವಾಮಿ, ನಾನು ಇವತ್ತಿನವರೆಗೂ ಒಂದು ಮಗೂನೂ ಮುಟ್ಟಿದೋನಲ್ಲ. ಅವರವರೇ ಹೊಡ್ಕೋತಾರೆ!"

ಎಂಥ ಅಹಿಂಸೆ! ಕೈಗೆ ಬೆತ್ತವೇ ಬೇಡ, ಎದುರಿಗೆ ನಲವತ್ತು ಮಕ್ಕಳ ಕೈಗಳಿವೆ.

"ನಿಮ್ಮ ಕೈ ಚೊಕ್ಕಟವಾಗಿದೆ ಮೇಷ್ಟ್ರೇ, ಒಪ್ಪಿದೆ. ಆದ್ರೆ ಮಗು ಪೆಟ್ಟಿಗೆ ಹೆದರಿ ದಡ್ಡಿ ಆಗ್ತೀನಿ ಅಂತಿದಾಳಲ್ರೀ! ಇದಕ್ಕೇನು ಮಾಡ್ತೀರಾ?" ಎಂದು ರೇಗಿದೆ.

ಮೇಷ್ಟ್ರು ಗಂಭೀರವಾಗಿ ಯೋಚಿಸಿದರು. "ನೀವು ಹೇಳೋದೂ ನ್ಯಾಯವೇ. ನಾಳೆಯಿಂದ ನಿಮ್ಮ ಹುಡುಗೀನ ಪ್ರಶ್ನೇನೇ ಕೇಳಲ್ಲ ಬಿಡಿ" ಎಂದರು.

ನೋಡಿದಿರಾ, ಶಾಲೆಯಲ್ಲಿ ಹೊಡೆದಾಟ ನಿಲ್ಲಿಸುವುದು ಎಷ್ಟು ಸುಲಭ! ಪಾಠ ನಿಲ್ಲಿಸಿದರೆ ಸಾಕು.